ಕಣ್ಣಿಲ್ಲದ ಕುರಿ

ನಮ್ಮ ಮುಂದಿನ ಕೋಣೆಗೆ ರಸ್ತೆ ಕಡೆ ಮುಖ ಮಾಡಿದ ಅಗಲವಾದ ಕಿಟಕಿ ಇದೆ. ಮೂರು ಗಾಜು. ನಡುವಿನದು ದೊಡ್ಡದು, ಅಕ್ಕಪಕ್ಕದವು ಸಣ್ಣವು. ಹೊರಗಡೆ ಕಬ್ಬಿಣದ ಸರಳು. ಹೋದ ಡಿಸೆಂಬರಿನಲ್ಲಿ ಈ ಗಾಜುಗಳ ಮೇಲೆ ಬಣ್ಣದಲ್ಲೇ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಬಿಡಿಸುತ್ತೇನೆ ಎಂದು ಘೋಷಿಸಿದ್ದು ನಾನೇ. ಯಾರೂ ಕೇಳಿರಲಿಲ್ಲ.

ಅದರ ಹಿಂದಿನ ವರ್ಷವೂ ಒಂದು ಕೈ ನೋಡಿದ್ದೆ. ಆಗ ಮನೆಯಲ್ಲಿದ್ದ ಅಕ್ರಿಲಿಕ್ ಬಣ್ಣ ತೆಗೆದುಕೊಂಡು ನಾಲ್ಕು ಕ್ರಿಸ್‌ಮಸ್ ಗಂಟೆ, ಒಂದಿಷ್ಟು ಎಲೆ ಬರೆದಿದ್ದೆ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರದ ಹಾಗೆ ಆಗಿಬಿಡುತ್ತದೆ ಅನ್ನೋದು ಜನವರಿಯಲ್ಲಿ ಗೊತ್ತಾಯಿತು. ಫೆಬ್ರವರಿ ಮುಗಿಯುವವರೆಗೂ ಬ್ಲೇಡು ಹಿಡಿದು ಕೆರೆದೆ. ಒಂದು ಎಲೆ ಈಗಲೂ ಮೂಲೆಯಲ್ಲಿದೆ.

ಹಾಗಾಗಿ ಈ ಸಲ ಪೋಸ್ಟರ್ ಬಣ್ಣ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ. ಗಾಜಿನ ಮೇಲೆ ಬರೀ ನೀರು ಬಣ್ಣ ಹಚ್ಚಿ ನೋಡಿ, ಅದು ಹರಡುವುದಿಲ್ಲ, ಹನಿಹನಿಯಾಗಿ ಮುದುಡಿಕೊಳ್ಳುತ್ತದೆ. ಸೋಪು ಸೇರಿದರೆ ನೀಟಾಗಿ ಕೂರುತ್ತದೆ, ಹಬ್ಬ ಮುಗಿದ ಮೇಲೆ ಸಲೀಸಾಗಿ ಬಿಟ್ಟೂ ಕೊಡುತ್ತದೆ. ಜಾಸ್ತಿ ಹಾಕಿದರೆ ಮಾತ್ರ ನೊರೆ ಬಂದು ಒಣಗಿದ ಮೇಲೆ ಗುಳ್ಳೆ ಗುಳ್ಳೆ ಗುರುತು ಉಳಿಯುತ್ತದೆ. ಬಣ್ಣ ಗಟ್ಟಿ ಕೆನೆಯ ಹದಕ್ಕಿರಬೇಕು. ಅದಕ್ಕೂ ಮೊದಲು ಗಾಜನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಬೇಕು. ಬೆರಳಿನ ಜಿಡ್ಡು ಇದ್ದ ಕಡೆ ಬಣ್ಣ ಹಿಡಿಯುವುದೇ ಇಲ್ಲ. ನಮ್ಮ ಕಿಟಕಿಯಲ್ಲಿ ನೆಲದಿಂದ ಮೂರು ಅಡಿ ಎತ್ತರದ ಒಂದು ಪಟ್ಟಿ ತುಂಬ ಮಗಳ ಮೂಗಿನ ಗುರುತೇ.

ಮೊದಲ ಜಗಳ ಬಣ್ಣಕ್ಕೆ. ನನ್ನ ತಲೆಯಲ್ಲಿ ಇದ್ದದ್ದು ಕೆಂಪು ಮತ್ತು ಹಸಿರು. ಅಮ್ಮ ಒಪ್ಪಲಿಲ್ಲ.

“ಆಗಮನ ಕಾಲಕ್ಕೆ ನೇರಳೆ ಕಣೇ. ಕೆಂಪು ಹಸಿರು ಅಂಗಡಿಯವರದ್ದು.”

ಚರ್ಚಿನ ಲೆಕ್ಕದಲ್ಲಿ ಅಮ್ಮ ಹೇಳಿದ್ದು ಸರಿ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ನೇರಳೆ. ಅದರಲ್ಲೂ ಮೂರನೇ ಭಾನುವಾರಕ್ಕೆ ಗುಲಾಬಿ. ಹಬ್ಬದ ದಿನದಿಂದ ಬಿಳಿ, ಬಂಗಾರ. ಪಾದ್ರಿಗಳ ಮೇಲಂಗಿಯ ಬಣ್ಣ ಬದಲಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ಮನೆಯ ಅಲಂಕಾರಕ್ಕೂ ಅದನ್ನೇ ಹಿಡಿಯಬಹುದು ಅಂತ ಹೊಳೆದಿರಲಿಲ್ಲ. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಬೀರುವಿನಲ್ಲಿ ಒಂದು ಹಳೇ ನೇರಳೆ ಬೆಡ್‌ಶೀಟು ಸಿಕ್ಕಿತು. ಸುಮ್ನೆ ಕಿಟಕಿಯ ಹಿಂದೆ ಹಿಡಿದು ನೋಡಿದರೆ, ಅದು ಬೆಡ್‌ಶೀಟಲ್ಲ, ರಾತ್ರಿಯ ಆಕಾಶ. ಅಮ್ಮನಿಗೆ ಹೇಳಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತು ಪರದೆ ಮಾಡಿದೆ.

ಆಕಾಶ ಸಿಕ್ಕಿದ ಮೇಲೆ ಉಳಿದದ್ದು ತಾನಾಗೇ ಕೂಡಿಬಂತು. ಗಾಜಿನ ಮೇಲೆ ಬಿಳಿ, ಹುಲ್ಲಿನ ಹಳದಿ, ಒಂಚೂರು ಬಂಗಾರ. ಅಷ್ಟೇ. ಬಣ್ಣದ ಚಕ್ರದಲ್ಲಿ ನೇರಳೆಯೂ ಹಳದಿಯೂ ಎದುರುಬದುರು ಕೂತಿರುವ ಬಣ್ಣಗಳು, ಹಾಗಾಗಿ ಒಂದರ ಪಕ್ಕ ಇನ್ನೊಂದು ಎದ್ದು ಕಾಣುತ್ತದೆ. ಕಿಟಕಿಯ ಕಟ್ಟೆಯ ಮೇಲೆ ಆಗಮನದ ನಾಲ್ಕು ಮೇಣದಬತ್ತಿ, ಮೂರು ನೇರಳೆ, ಒಂದು ಗುಲಾಬಿ. ಎಲ್ಲ ಬ್ಯಾಟರಿಯವು. ಹಿಂದೆಯೇ ಬಟ್ಟೆ ತೂಗುತ್ತಿರುವಾಗ ನಿಜವಾದ ಬೆಂಕಿ ಬೇಡ ಅಲ್ವಾ. ಕೆಂಪು ರಿಬ್ಬನ್ನು, ಹಸಿರು ಚೆಂಡು, ಹೊಳೆಯುವ ಸರ ಎಲ್ಲ ಡಬ್ಬದಲ್ಲೇ ಉಳಿದವು. ಮಗಳಿಗೆ ಬೇಜಾರಾಯಿತು. ನನಗೂ ಸ್ವಲ್ಪ.

ಒಂದು ಶನಿವಾರ ಬೆಳಗ್ಗೆ ಶುರು ಮಾಡಿದೆ. ಹೊರಗೆ ಸರಳು ಇರುವುದರಿಂದ ಒಳಗಡೆಯಿಂದಲೇ ಬಿಡಿಸಬೇಕು. ಕುರಿಗಳು ಎಡಗಡೆ, ಕತ್ತೆ ಎತ್ತು ಬಲಗಡೆ, ನಡುವೆ ಮೇವಿನ ತೊಟ್ಟಿ. (ಲೂಕನ ಸುವಾರ್ತೆಯಲ್ಲಿ ಮೇವಿನ ತೊಟ್ಟಿ ಇದೆ. ಕತ್ತೆಯೂ ಇಲ್ಲ, ಎತ್ತೂ ಇಲ್ಲ. ಆದರೆ ಅವಿಲ್ಲದ ಗೋದಲಿಯನ್ನು ನಾನು ನೋಡಿಲ್ಲ.) ಮೊದಲು ಕುರಿಗೆ ದಪ್ಪಗೆ ಬಿಳಿ ಬಳಿದೆ. ಒಣಗಿದ ಮೇಲೆ ಕಪ್ಪಿನಲ್ಲಿ ಕಣ್ಣು, ಮೂತಿ, ಉಣ್ಣೆಯ ಸುರುಳಿ. ಮೇಲುಗಡೆ ಕಮಾನಿನ ಹಾಗೆ ‘ಕ್ರಿಸ್‌ಮಸ್ ಶುಭಾಶಯಗಳು’. ಮಧ್ಯಾಹ್ನದ ಹೊತ್ತಿಗೆ ಹಿಂದಕ್ಕೆ ಸರಿದು ನೋಡಿದೆ. ನಿಜ ಹೇಳಬೇಕೆಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಗ ಗೇಟಿನ ಹತ್ತಿರ ಪಕ್ಕದ ಮನೆಯ ಹುಡುಗ ನಿಂತಿದ್ದ.

“ಆಂಟಿ, ಆ ಕುರಿಗೆ ಯಾಕೆ ಕಣ್ಣಿಲ್ಲ?”

ಹೊರಗೆ ಓಡಿದೆ. ಅವನು ಹೇಳಿದ್ದು ನಿಜ. ಕಣ್ಣಿಲ್ಲ, ಮೂತಿಯಿಲ್ಲ, ಸುರುಳಿಯಿಲ್ಲ. ಗಾಜಿನ ಮೇಲೆ ಬರೀ ಮೂರು ಬಿಳಿ ಮುದ್ದೆ. ಕತ್ತೆ ಒಂದು ಕಂದು ಮುದ್ದೆ. ಕಣ್ಣನ್ನು ಬಿಳಿಯ ಮೇಲೆ ಬರೆದಿದ್ದೆನಲ್ಲ, ಹೊರಗಿನಿಂದ ನೋಡುವವರಿಗೆ ಆ ಬಿಳಿಯೇ ಗೋಡೆಯಾಗಿ ನಿಂತಿತ್ತು. ಇನ್ನು ಅಕ್ಷರದ ಕಥೆ ಕೇಳಲೇಬೇಡಿ. ಅದು ತಿರುಗಿ ಕಾಣುತ್ತದೆ ಎಂದು ಎಳೆ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದೆ. ಕನ್ನಡದಲ್ಲಿ ತಲೆಕಟ್ಟು, ಕೊಂಬು, ಒತ್ತು, ಎಲ್ಲಕ್ಕೂ ಒಂದೊಂದು ದಿಕ್ಕು ಇದೆ. ತಿರುಗಿಸಿ ನೋಡಿದರೆ ಯಾವುದೋ ಬೇರೆ ದೇಶದ ಲಿಪಿಯ ಹಾಗಿತ್ತು.

ಅವತ್ತು ಸಂಜೆ ಕುಳಿತು ಯೋಚಿಸಿದೆ. ಗಾಜಿನ ಹಿಂಬದಿಯಿಂದ ಚಿತ್ರ ಬರೆಯುವುದು ನೂರಾರು ವರ್ಷಗಳ ಕಲೆ. ಅದನ್ನು ಬಲ್ಲವರು ಎಲ್ಲವನ್ನೂ ಉಲ್ಟಾ ಮಾಡುತ್ತಾರೆ. ಕಾಗದದ ಮೇಲೆ ನಾವು ಮೊದಲು ಆಕಾಶ ಬಳಿದು, ಆಮೇಲೆ ಮುಖ, ಕೊನೆಗೆ ಕಣ್ಣು ಇಡುತ್ತೇವೆ. ಅವರು ಮೊದಲು ಕಣ್ಣಿನ ಚುಕ್ಕಿ ಇಡುತ್ತಾರೆ, ಅದರ ಮೇಲೆ ಮುಖ, ಆಕಾಶ ಕಟ್ಟಕಡೆಗೆ. ಕೊನೆಗೆ ಮಾಡುವುದನ್ನು ಮೊದಲೇ ಮಾಡಬೇಕು, ಒಮ್ಮೆ ಮೇಲೆ ಬಣ್ಣ ಬಿದ್ದರೆ ತಿದ್ದುವ ಹಾಗಿಲ್ಲ. ಹೇಳಲು ಒಂದು ಸಾಲು. ಕೈಗೆ ಒಗ್ಗಲು ಇಡೀ ಭಾನುವಾರ ಬೇಕಾಯಿತು.

ಒರೆಸಿ ಹೊಸದಾಗಿ ಶುರು ಮಾಡಿದೆ. ಒಣಬಟ್ಟೆಯಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತದೆ, ಆಮೇಲೆ ಒದ್ದೆ ಬಟ್ಟೆ. ಮೊದಲೇ ನೀರು ಹಾಕಿದರೆ ಗಾಜಿನ ತುಂಬ ಹಾಲು ಚೆಲ್ಲಿದ ಹಾಗಾಗುತ್ತದೆ. ಅದನ್ನೂ ಮಾಡಿ ನೋಡಿದ್ದಾಯಿತು.

ಆದರೆ ಕಣ್ಣನ್ನು ಮೊದಲು ಇಟ್ಟು ಅದರ ಮೇಲೆ ಬಿಳಿ ಬಳಿದರೆ ಒಳಗಿರುವ ನಮಗೆ ಕುರುಡು ಕುರಿ. ದಿನವಿಡೀ ಆ ಕೋಣೆಯಲ್ಲಿ ಕೂರುವವರು ನಾವು. ರಸ್ತೆಯಲ್ಲಿ ಹೋಗುವವರು ನೋಡುವುದು ನಾಲ್ಕು ಹೆಜ್ಜೆಯ ಹೊತ್ತು. ಕಿಟಕಿ ಯಾರದ್ದು ಹಾಗಾದರೆ? ಅಮ್ಮ “ಹೊರಗಿನವರದ್ದು” ಅಂದರು. ಮಗಳು “ನಮ್ಮದು” ಅಂದಳು. ಕಡೆಗೆ ಎರಡು ಸಲ ಬರೆದೆ. ಮೊದಲು ಗಾಜಿನ ಮೇಲೆ ಕಣ್ಣು, ಅದು ಹೊರಗಿನವರಿಗೆ. ಅದರ ಮೇಲೆ ಬಿಳಿ. ಬಿಳಿಯ ಮೇಲೆ ಮತ್ತೆ ಅದೇ ಜಾಗದಲ್ಲಿ ಕಣ್ಣು, ಇದು ನಮಗೆ. “ಹಾಗಾದ್ರೆ ಒಂದೊಂದು ಕುರಿಗೆ ನಾಲ್ಕು ಕಣ್ಣು” ಎಂದು ಮಗಳು ಲೆಕ್ಕ ಹಾಕಿ ಖುಷಿಪಟ್ಟಳು. ಶಾಲೆಯಲ್ಲೂ ಹೇಳಿ ಬಂದಳಂತೆ.

ಅಕ್ಷರವನ್ನು ಕೈಬಿಟ್ಟೆ. ಬೇಕಾದರೆ ಉಪಾಯ ಇದೆ: ತೆಳು ಕಾಗದದಲ್ಲಿ ದಪ್ಪಗೆ ಬರೆದು, ಬರೆದ ಮುಖ ರಸ್ತೆಯ ಕಡೆ ಇರುವಂತೆ ಗಾಜಿನ ಹೊರಬದಿಗೆ ಅಂಟಿಸಿದರೆ, ಹಗಲಿನ ಬೆಳಕಿಗೆ ಒಳಗಡೆ ತಿರುಗಿದ ಗೆರೆ ಕಾಣುತ್ತದೆ. ಅದರ ಮೇಲೆ ಕುಂಚ ಆಡಿಸಿದರಾಯಿತು. ಆದರೆ ಗೋದಲಿ ನೋಡಿದ ಮೇಲೂ ಯಾವ ಹಬ್ಬ ಎಂದು ಬರೆದು ತಿಳಿಸಬೇಕಾ?

ಪಕ್ಕದ ಗಾಜುಗಳಲ್ಲಿ ಹಿಮದ ಹರಳು ಬೇಕೆಂದು ಮಗಳ ಹಟ. ಬೆತ್ಲೆಹೇಮಿನಲ್ಲಿ ಎಲ್ಲಿಯ ಹಿಮ ಎಂದು ಅಮ್ಮ ಮೂಗು ಮುರಿದರು. ಅದು ಬೆಟ್ಟದ ಮೇಲಿನ ಊರು, ಅಪರೂಪಕ್ಕೆ ಹಿಮ ಬೀಳುತ್ತದೆ ಎಂದು ನಾನು ಮಗಳ ಪರ ನಿಂತೆ. ಕಾಗದ ಮಡಚಿ ಕತ್ತರಿಸಿ ಅಚ್ಚು ಮಾಡಿದಳು. ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ ಮಡಚಿದ್ದಕ್ಕೆ ಎಂಟು ತೋಳು ಬಂತು. ನಿಜವಾದ ಹಿಮದ ಹರಳಿಗೆ ಆರು. ಮಂಜುಗಡ್ಡೆಯಲ್ಲಿ ನೀರಿನ ಕಣಗಳು ಆರು ಮೂಲೆಯ ಜೋಡಣೆಯಲ್ಲಿ ಕೂರುವುದೇ ಅದಕ್ಕೆ ಕಾರಣ. ಗ್ರಹಗಳ ಲೆಕ್ಕ ಹಾಕಿದ ಕೆಪ್ಲರ್ ಕೂಡ 1611ರಲ್ಲಿ ‘ಐದಲ್ಲ, ಏಳಲ್ಲ, ಆರೇ ಯಾಕೆ’ ಅಂತ ತಲೆಕೆಡಿಸಿಕೊಂಡು ಒಂದು ಸಣ್ಣ ಪುಸ್ತಕವನ್ನೇ ಬರೆದಿದ್ದ. ಅರ್ಧ ಮಡಚಿ, ಅದನ್ನು ಮೂರು ಪಾಲಾಗಿ ಮಡಚಿದರೆ ಆರು ಬರುತ್ತದೆ ಎಂದು ತೋರಿಸಿಕೊಟ್ಟೆ. “ನಾಲ್ಕು ಕಣ್ಣಿನ ಕುರಿ ಇರಬಹುದು, ಎಂಟು ತೋಳಿನ ಹಿಮ ಇರಬಾರದಾ?” ಎಂದಳು. ಒಂದು ಗಾಜಿಗೆ ಆರರದ್ದು, ಇನ್ನೊಂದಕ್ಕೆ ಎಂಟರದ್ದು ಹಾಕಿ ರಾಜಿಯಾದೆವು.

ಮೂಲೆಗಳಿಗೆ ಎಪ್ಸಮ್ ಉಪ್ಪು (ಅಡುಗೆಯ ಉಪ್ಪಲ್ಲ, ಮೆಗ್ನೀಸಿಯಮ್ ಸಲ್ಫೇಟ್). ಬಿಸಿನೀರಿಗೆ ಅಷ್ಟೇ ಪ್ರಮಾಣದ ಉಪ್ಪು ಕರಗಿಸಿ, ಒಂದೆರಡು ಹನಿ ಸೋಪು ಹಾಕಿ, ಕುಂಚದಿಂದ ಬಳಿದು ಬಿಡುವುದು. ನೀರು ಆರುತ್ತಾ ಹೋದ ಹಾಗೆ ಸೂಜಿ ಸೂಜಿಯಾಗಿ ಹರಳು ಬೆಳೆಯುತ್ತದೆ. ಇಡೀ ಕಿಟಕಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಇದಕ್ಕೆ ಹಿಂದು ಮುಂದು ಇಲ್ಲ. ಒಳಗಿಂದಲೂ ಅಷ್ಟೇ ಚಂದ, ಹೊರಗಿಂದಲೂ ಅಷ್ಟೇ ಚಂದ. ನಾನು ಏನೂ ಮಾಡದೇ ಇದ್ದದ್ದಕ್ಕೇ ಇರಬೇಕು.

ಕತ್ತಲಾದ ಮೇಲೆ ದೀಪ ಹಾಕಿ ಮೂವರೂ ರಸ್ತೆಗೆ ಹೋದೆವು. ಗಾಜಿಗೂ ಪರದೆಗೂ ನಡುವೆ ಬಲ್ಬಿನ ಸರ ಇಳಿಬಿಟ್ಟಿದ್ದೆ. ಪರದೆ ಚೆನ್ನಾಗಿ ಹೊಳೆಯುತ್ತಿತ್ತು. ಆದರೆ ಹಗಲಲ್ಲಿ ಬೆಳ್ಳಗಿದ್ದ ಕುರಿಗಳು ಕಪ್ಪು ಗುಂಡುಕಲ್ಲಾಗಿದ್ದವು. ದಪ್ಪ ಬಣ್ಣ ಹಿಂದಿನ ಬೆಳಕನ್ನು ತಡೆಯುತ್ತದೆ. ಹಗಲಲ್ಲಿ ಹೊರಗಿನ ಬೆಳಕು ಅದರ ಮೇಲೆ ಬಿದ್ದು ಬಿಳಿ ಕಾಣುತ್ತದೆ, ರಾತ್ರಿ ಅದೇ ನೆರಳಾಗುತ್ತದೆ. ಸ್ಪಂಜಿನಿಂದ ಒತ್ತಿ ಒತ್ತಿ ಹಾಕಿದ್ದ ಹಿಮ ಮಾತ್ರ ಮಿನುಗುತ್ತಿತ್ತು, ಏಕೆಂದರೆ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿದ್ದವು. ಮತ್ತೆ ಒರೆಸಿದೆ. ಕುರಿಗಳ ಉಣ್ಣೆಯನ್ನೂ ಸ್ಪಂಜಿನಿಂದಲೇ ಒತ್ತಿದೆ. ಮುಖ ಮಾತ್ರ ಗಟ್ಟಿ ಬಣ್ಣ. ಬಲ್ಬನ್ನೂ ಬದಲಿಸಿದೆ. ಮೊದಲಿನದು ನೀಲಿ ಛಾಯೆಯ ಬಿಳಿ, ಅದರ ಮುಂದೆ ಬಂಗಾರ ಹಿತ್ತಾಳೆಯ ಹಾಗೆ ಪೆಚ್ಚಾಗಿತ್ತು. ಹಳದಿ ಛಾಯೆಯ ಬಲ್ಬು ಹಾಕಿದ ಮೇಲೆ ಸರಿಹೋಯಿತು.

ಮೇವಿನ ತೊಟ್ಟಿ ಇನ್ನೂ ಖಾಲಿ ಇತ್ತು. 24ರ ರಾತ್ರಿಯವರೆಗೂ ಗೋದಲಿಯಲ್ಲಿ ಕಂದನನ್ನು ಇಡುವುದಿಲ್ಲವಲ್ಲ. ಹುಲ್ಲನ್ನು ಹಳದಿಯಲ್ಲಿ ತುಂಬಿಬಿಡಲು ಹೊರಟವಳು ಕುಂಚ ಎತ್ತಿ ನಿಂತೆ. ಈಗ ಹುಲ್ಲು ಬಳಿದರೆ ಆಮೇಲೆ ಬರೆಯುವ ಕಂದ ಹೊರಗಿನವರಿಗೆ ಕಾಣುವುದೇ ಇಲ್ಲ. ಕುರಿ ಕಲಿಸಿದ ಪಾಠ. ಅಂಗೈ ಅಗಲದ ಗಾಜನ್ನು ಬರಿದೇ ಬಿಟ್ಟು ಸುತ್ತ ಹುಲ್ಲು ಹಾಕಿದೆ. ರಾತ್ರಿ ದೀಪ ಹಾಕಿದರೆ ಇಡೀ ಕಿಟಕಿಯಲ್ಲಿ ಆ ಖಾಲಿ ಜಾಗವೇ ಎಲ್ಲಕ್ಕಿಂತ ಪ್ರಕಾಶ. ಹನ್ನೆರಡು ದಿನ ಹಾಗೇ ಇತ್ತು. ಏನೋ ಮರೆತಿದ್ದೀರಿ ಎಂದು ಇಬ್ಬರು ಗೇಟಿನವರೆಗೆ ಬಂದು ಹೇಳಿ ಹೋದರು.

24ರ ಮಧ್ಯರಾತ್ರಿಯ ಪೂಜೆ ಮುಗಿಸಿ ಬಂದಾಗ ಮಗಳಿಗೆ ನಿದ್ದೆ ತೂಗುತ್ತಿತ್ತು. ಆದರೂ ಕುಂಚ ತನಗೇ ಬೇಕೆಂದಳು.

“ಬಣ್ಣ ಹಚ್ಚಿದ್ರೆ ಬೆಳಕು ಹೋಗುತ್ತಲ್ಲಾ ಅಮ್ಮಾ?”

ತಲೆಯ ಸುತ್ತ ಒಂದು ಬೆರಳಿನಷ್ಟು ಗಾಜನ್ನು ಹಾಗೇ ಬಿಡೋಣ ಎಂದೆ. ಅಮ್ಮ ಶಾಲು ಹೊದ್ದು ಹೊರಗೆ ನಿಂತಿದ್ದರು, ಸರಿಯಾಗಿ ಕಾಣುತ್ತಾ ನೋಡಿ ಹೇಳಲು. ಪಕ್ಕದ ರೆಕ್ಕೆಯನ್ನು ಸ್ವಲ್ಪ ತೆಗೆದಿಟ್ಟಿದ್ದೆ, ಮಾತು ಕೇಳಲಿ ಎಂದು. ಮೊದಲು ಕಣ್ಣು. ನಿದ್ದೆ ಮಾಡುವ ಕಂದ, ಹಾಗಾಗಿ ಎರಡು ಸಣ್ಣ ಕಮಾನು ಸಾಕು. ಮುಖ ಇನ್ನೂ ಇಲ್ಲ, ಮೈ ಇಲ್ಲ. ಬರಿಯ ಗಾಜಿನ ಮೇಲೆ ಮುಚ್ಚಿದ ಒಂದು ಕಣ್ಣು ಬಂತು. ಎರಡನೆಯದಕ್ಕೆ ಮಗಳು ಕುಂಚ ಎತ್ತಿದಳು.

“ಸ್ವಲ್ಪ ಎಡಕ್ಕೆ ಪುಟ್ಟಿ, ಎಡಕ್ಕೆ” ಎಂದರು ಅಮ್ಮ ಹೊರಗಿನಿಂದ.

ಮಗಳು ಕುಂಚವನ್ನು ಆಚೆ ಸರಿಸಿದಳು.

“ಅಯ್ಯೋ, ಎಡಕ್ಕೆ ಅಂದೆ ಕಣೇ!”

ಅವಳು ಗಾಜಿಗೆ ಮೂಗು ಒತ್ತಿ ಕೂಗಿದಳು, “ಯಾರ ಎಡಕ್ಕೆ ಅಜ್ಜಿ?”