ಜಂಬಿಟ್ಟಿಗೆ ಮನೇಲಿ ವೈಫೈ ರೋಮಿಂಗ್: ಮೂರನೇ ವಾರ

ಸಾಗರದ ಹತ್ರ ನಮ್ಮ ಹಳೇ ಮನೇಲಿ ಕೇಬಲ್ ಎಳೆಯೋದು ಹೋದ್ವಾರ ಮುಗೀತು. ಜಗಲಿಗೊಂದು, ಅಡುಗೆಮನೆಗೊಂದು, ಅಟ್ಟಕ್ಕೊಂದು, ಒಟ್ಟು ಮೂರು ಆಕ್ಸೆಸ್ ಪಾಯಿಂಟ್ (ಎಪಿ, ಅಂದ್ರೆ ವೈಫೈ ಸಿಗ್ನಲ್ ಬಿಡೋ ಡಬ್ಬಿ), ಮೂರ್ರಲ್ಲೂ ರೂಟರ್ ಸಾಫ್ಟ್‌ವೇರ್ ಓಪನ್‌ಡಬ್ಲ್ಯೂಆರ್‌ಟಿ, ಒಂದೇ ಹೆಸರು ಒಂದೇ ಪಾಸ್‌ವರ್ಡ್, ಡಿಎಚ್‌ಸಿಪಿ (ಪ್ರತಿ ಫೋನ್‌ಗೂ ನೆಟ್‌ವರ್ಕ್ ವಿಳಾಸ ಹಂಚೋ ಕೆಲ್ಸ) ಜಗಲಿ ರೂಟರ್ ಒಂದೇ ಮಾಡುತ್ತೆ, ಉಳಿದೆರಡ್ರಲ್ಲಿ ಆಫ್. ನಡೆದಾಡ್ವಾಗ ಫೋನು ಒಂದು ಎಪಿಯಿಂದ ಇನ್ನೊಂದಕ್ಕೆ ಕಟ್ ಆಗ್ದೆ ಹೋಗೋಕೆ, ಅಂದ್ರೆ ರೋಮಿಂಗ್‌ಗೆ, ಇಷ್ಟೇ ಸಾಕು ಅನ್ಕೊಂಡಿದ್ದೆ, ಸಾಕಾಗ್ಲಿಲ್ಲ.

ಅಪ್ಪ ಜಗಲೀಲಿ ಕೂತು ಅಕ್ಕಂಗೆ ವಿಡಿಯೋ ಕಾಲ್ ಮಾಡ್ತಾರೆ, ಆಮೇಲೆ ಅಮ್ಮಂಗೆ ಫೋನ್ ಕೊಡೋಕೆ ಅಂತ ಎದ್ದು ಒಳಗೆ ಹೋಗ್ತಾರೆ, ನಡುಮನೆ ದಾಟೋಷ್ಟ್ರಲ್ಲಿ ಅಕ್ಕನ ಮುಖ ಅಲ್ಲೇ ನಿಂತ್ಬಿಡುತ್ತೆ. ಶನಿವಾರ ಅದೇ ಫೋನ್ ಹಿಡ್ಕೊಂಡು ಸಿಗ್ನಲ್ ನೋಡ್ತಾ ನಾನೇ ನಡೆದೆ. ಜಗಲೀಲಿ -48 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಯಿಂದ ಕೆಳಗೆ ಹೋದಷ್ಟೂ ವೀಕು), ನಡುಮನೆ ಬಾಗ್ಲಲ್ಲಿ -61, ಒಂದೂವರೆ ಅಡಿ ಗೋಡೆ ದಾಟಿ ಒಲೆ ಹತ್ರ ನಿಂತ್ರೆ -79. ತಲೆ ಮೇಲೇನೇ ಇನ್ನೊಂದು ಎಪಿ ಇದೆ, ಆದ್ರೂ ಫೋನು ಜಗಲೀದನ್ನ ಬಿಡ್ತಾನೇ ಇಲ್ಲ!

ಇಲ್ಲಿ ಗೊತ್ತಿರ್ಬೇಕಾದ್ದು ಏನಂದ್ರೆ ಯಾವಾಗ ಬದಲಾಯಿಸ್ಬೇಕು ಅಂತ ತೀರ್ಮಾನ ಮಾಡೋದು ಫೋನು, ಎಪಿ ಅಲ್ಲ. ಐಫೋನ್ ಆದ್ರೆ -70ಕ್ಕಿಂತ ಕೆಳಗಿಳಿದ್ಮೇಲೇ ಬೇರೆ ಎಪಿ ಹುಡ್ಕೋಕೆ ಶುರು ಮಾಡೋದು. ನಾನು ಮೂರನ್ನೂ ಫುಲ್ ಪವರ್‌ಲಿ ಇಟ್ಟಿದ್ದೆ, ಅದೇ ತಪ್ಪಾಗಿದ್ದು, ಜಗಲೀದು ಒಳಗಡೆವರೆಗೂ ಸಿಗ್ತಿದ್ರಿಂದ ಫೋನು ಅದಕ್ಕೇ ಅಂಟ್ಕೊಂಡಿತ್ತು. 2.4 ಗಿಗಾಹರ್ಟ್ಸ್ ಪವರನ್ನ 20ರಿಂದ 8 ಡಿಬಿಎಂಗೆ ಇಳಿಸ್ದೆ, ಒಂದಕ್ಕೊಂದು ಅಡ್ಡ ಬರ್ದಂಗೆ ಚಾನೆಲ್ 1, 6, 11 ಹಂಚ್ದೆ, 5 ಗಿಗಾಹರ್ಟ್ಸ್ ಸ್ವಲ್ಪ ಜಾಸ್ತಿ ಬಿಟ್ಟೆ, ಫೋನ್‌ಗಳು ಅದನ್ನೇ ಹಿಡೀಲಿ ಅಂತ.

ಜೊತೆಗೆ 802.11ಆರ್ (ಎಪಿ ಬದಲಾವಣೆ ಬೇಗ ಮುಗಿಸೋ ವೈಫೈ ಸೌಲಭ್ಯ) ಆನ್ ಮಾಡ್ದೆ, ಮೂರಕ್ಕೂ ಒಂದೇ ಮೊಬಿಲಿಟಿ ಡೊಮೇನ್, ಅಂದ್ರೆ ಒಂದೇ ಗುಂಪಿನ ಗುರುತು. ಇದಿದ್ರೆ ಹೊಸ ಎಪಿಗೆ ಹೋದಾಗ ಫೋನು-ಎಪಿ ನಡುವಿನ ಭದ್ರತಾ ಕೀ ಮಾತುಕತೆ ಪೂರ್ತಿ ಮೊದಲಿಂದ ನಡೀಬೇಕಾಗಿಲ್ಲ, ಸೇರ್ಕೊಳ್ಳೋವಾಗ್ಲೇ ಅದೂ ಮುಗಿಯುತ್ತೆ. ಹಳೇ ಪ್ರಿಂಟರ್ ಮಾತ್ರ ಆರ್ ಆನ್ ಆದ್ಮೇಲೆ ಕನೆಕ್ಟ್ ಆಗ್ಲೇ ಇಲ್ಲ, ಅದಕ್ಕೆ ಬೇರೆ ಹೆಸರಲ್ಲಿ ಒಂದು 2.4 ಕೊಟ್ಟೆ.

ನಿನ್ನೆ ಸೆಕೆಂಡಿಗೆ 10 ಪಿಂಗ್ (ಉತ್ತರ ಬರುತ್ತಾ ಅಂತ ನೋಡೋ ಪುಟ್ಟ ಸಂದೇಶ) ಬಿಟ್ಕೊಂಡು ಜಗಲಿಯಿಂದ ಒಲೆವರೆಗೂ ನಡೆದೆ. ಮೊದ್ಲು 30ಕ್ಕಿಂತ ಜಾಸ್ತಿ ಕಳೆದುಹೋಗ್ತಿತ್ತು, ನಿನ್ನೆ 2. ಸಂಜೆ ಅಪ್ಪ ಮಾತಾಡ್ತಾನೇ ನಡ್ಕೊಂಡು ಬಂದು ಅಮ್ಮನ ಕೈಗೆ ಫೋನ್ ಕೊಟ್ರು, ಅಕ್ಕನ ಮಾತು ಒಂದು ಅಕ್ಷರಾನೂ ತುಂಡಾಗ್ಲಿಲ್ಲ, ತುಂಬಾ ಖುಷಿಯಾಯ್ತು.

ಮುಂದಿಂದು ಅಡಿಕೆ ಅಂಗಳದ ಶೆಡ್. 60 ಮೀಟರ್ ದೂರ, ತಾಮ್ರದ ಕೇಬಲ್‌ಗೆ 100 ಮೀಟರ್‌ವರೆಗೂ ಆಗುತ್ತೆ, ಆದ್ರೆ ನಮ್ಮೂರ ಗುಡುಗು ಸಿಡಿಲಿಗೆ ಹೊರಗಡೆ ತಾಮ್ರ ಎಳೆಯೋ ಧೈರ್ಯ ನಂಗಿಲ್ಲ, ಫೈಬರ್ ಹಾಕ್ತೀನಿ. ಪೈಪ್ ಹೂಳೋಕೆ ಅರ್ಧ ಅಗೆದಾಗಿದೆ.