ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ನಡಿಗೆ

ಮೈಸೂರಿಗೆ ಹೋಗುವಾಗ ದಾರಿಯಲ್ಲಿ ಇಳಿದು ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮ ಅಂತ ಕಾರಿನಲ್ಲೇ ಸುತ್ತಿ ಹೊರಡುವವರೇ ಜಾಸ್ತಿ. ಈ ಸಲ ನಾವು ನಾಲ್ಕೈದು ಜನ ಸ್ನೇಹಿತರು ಕೋಟೆಯೊಳಗೆ ಮಾತ್ರ, ಅದೂ ನಡೆದುಕೊಂಡೇ ನೋಡೋಣ ಅಂತ ಹೋದೆವು. ಊರಿನವರೇ ಒಬ್ಬರು ಗೈಡ್ ಸಿಕ್ಕಿದರು. "ಸಾರ್, ಇಂಗ್ಲಿಷರು ನುಗ್ಗಿದ ಕಡೆಯಿಂದ್ಲೇ ಶುರು ಮಾಡೋಣ, ಆವಾಗ ಎಲ್ಲಾ ಅರ್ಥ ಆಗುತ್ತೆ" ಅಂದರು. ಅವರು ಹೇಳಿದ್ದು ನಿಜವಾಯಿತು.

ಕೋಟೆ ಗೋಡೆ ಒಡೆದದ್ದು ವಾಯವ್ಯದ ಮೂಲೆ ಹತ್ತಿರ. ಅಲ್ಲೀಗ 1907ರಲ್ಲಿ ನಿಲ್ಲಿಸಿದ ಸ್ಮಾರಕ ಕಂಬ ಇದೆ. ಅಲ್ಲಿ ನಿಂತು ಕೆಳಗೆ ನೋಡಿದರೆ ಕಾವೇರಿ. ಬೇಸಿಗೆ, ಬಂಡೆಗಳೆಲ್ಲ ಮೇಲೆ ಕಾಣುತ್ತಿದ್ದವು. ಇಂಗ್ಲಿಷರು ಟಿಪ್ಪುವಿನ ಈ ಕೋಟೆಗೆ ನುಗ್ಗಿದ 1799ರ ಮೇ 4ರಂದು ಕೂಡ ಹೊಳೆ ಹೀಗೇ ಇಳಿದಿತ್ತು. ಮಳೆಗಾಲ ಶುರುವಾಗಿ ಹೊಳೆ ತುಂಬಿದರೆ ಮುತ್ತಿಗೆ ಹಾಕಿದವರು ವಾಪಸ್ ಹೋಗಲೇಬೇಕು ಅನ್ನುವುದು ಟಿಪ್ಪುವಿನ ಲೆಕ್ಕ. ಮಳೆ ಬರುವ ಮೊದಲೇ ಗೋಡೆ ಬಿತ್ತು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಆ ಬಿಸಿಲಲ್ಲಿ ಸೈನಿಕರು ಬಂಡೆ ದಾಟಿ ಓಡಿ ಬಂದರು. ಮುಂದೆ ಇದ್ದವನು ಇಂಗ್ಲಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್. ಇದೇ ಊರಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು ಅವನು.

ಅಲ್ಲಿಂದ ಉತ್ತರದ ಗೋಡೆಯ ಪಕ್ಕದಲ್ಲೇ ನಡೆದೆವು. ಬೇರ್ಡ್‌ನ ಸೈನಿಕರ ಒಂದು ಗುಂಪು ನುಗ್ಗಿದ್ದೂ ಇದೇ ಕಡೆ, ಊಟ ಅರ್ಧಕ್ಕೆ ಬಿಟ್ಟು ಟಿಪ್ಪು ಎದುರು ಬಂದದ್ದೂ ಇದೇ ಕಡೆ.

ದಾರಿಯಲ್ಲಿ ಬೇಯ್ಲಿ ಸೆರೆಮನೆ ಇದೆ, ಅದನ್ನು ಮಾತ್ರ ನಿಧಾನವಾಗಿ ನೋಡಿ. ಮೆಟ್ಟಿಲಿಳಿದು ಒಳಗೆ ಹೋದರೆ ಕಮಾನು ಚಾವಣಿ, ಸುಣ್ಣ ಬಳಿದ ಗೋಡೆ, ಹೊರಗಿನ ಬಿಸಿಲಿಗೂ ಅಲ್ಲಿಗೂ ಸಂಬಂಧವೇ ಇಲ್ಲದಷ್ಟು ತಂಪು. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಮುಂದಕ್ಕೆ ಚಾಚಿಕೊಂಡಿವೆ, ಅವುಗಳಲ್ಲಿ ತೂತು. ಕೈದಿಗಳ ಸರಪಳಿ ಕಟ್ಟುತ್ತಿದ್ದದ್ದು ಅದಕ್ಕೇ ಅಂತೆ. ನಾನು ಒಂದು ತೂತಿಗೆ ಬೆರಳಿಟ್ಟು ನೋಡಿದೆ. ಒಳಗೆಲ್ಲ ನುಣ್ಣಗಾಗಿದೆ. ನೆಲದ ಮೇಲೆ ಒಂದು ಫಿರಂಗಿ ಬಿದ್ದಿದೆ. ಮುತ್ತಿಗೆಯ ಹೊತ್ತಲ್ಲಿ ಮೇಲಿನಿಂದ ಚಾವಣಿ ಒಡೆದುಕೊಂಡು ಬಿತ್ತು ಅಂತ ಗೈಡ್ ಹೇಳಿದರು. 1780ರ ಪೊಲ್ಲಿಲೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸಿಕ್ಕಿಬಿದ್ದ ಇಂಗ್ಲಿಷ್ ಸೇನೆಯ ಕರ್ನಲ್ ಬೇಯ್ಲಿ 1782ರಲ್ಲಿ ಈ ಊರಿನಲ್ಲೇ ತೀರಿಕೊಂಡ.

ಇನ್ನು ಸ್ವಲ್ಪ ಮುಂದೆ ಟಿಪ್ಪುವಿನ ದೇಹ ಸಿಕ್ಕಿದ ಜಾಗ. ಸುತ್ತ ಕಟ್ಟೆ, ಒಂದು ಫಲಕ, ಅಷ್ಟೇ. ಆ ರಾತ್ರಿ ಹೆಣಗಳ ರಾಶಿಯಲ್ಲಿ ದೀಪ ಹಿಡಿದು ಹುಡುಕಿದ್ದರು. ಗೋಡೆ ಒಡೆದ ಕಡೆಯಿಂದ ಇಲ್ಲಿಗೆ ಎಷ್ಟು ಹತ್ತಿರ ಅನ್ನುವುದು ಕಾಲಿಗೇ ಗೊತ್ತಾಯಿತು. ಓದಿದಾಗ ದೊಡ್ಡ ಯುದ್ಧ, ದೊಡ್ಡ ಕೋಟೆ ಅಂತೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ, ನಡೆದರೆ ಕಾಫಿ ಕುಡಿಯೋಕೆ ಹೋಗಿಬರುವಷ್ಟು ದೂರ. ರಾಜ ಒಡೆಯರು 1610ರಲ್ಲಿ ವಶ ಮಾಡಿಕೊಂಡಾಗಿನಿಂದ ರಾಜಧಾನಿಯಾಗಿದ್ದ ಊರು ಅಷ್ಟರೊಳಗೆ ಕೈ ಬಿಟ್ಟುಹೋಯಿತು.

ದೇವಸ್ಥಾನವೂ ಅಷ್ಟೇ ಹತ್ತಿರ. ಅದರ ಎದುರಿನ ಬಯಲಲ್ಲೇ ಟಿಪ್ಪುವಿನ ಲಾಲ್ ಮಹಲ್ ಇತ್ತು, ಈಗ ಅಡಿಪಾಯ ಮಾತ್ರ ಉಳಿದಿದೆ. ರಂಗನಾಥನಿಗೆ ಟಿಪ್ಪು ಬೆಳ್ಳಿ ಪಾತ್ರೆ ಕೊಟ್ಟದ್ದನ್ನು ಪುಸ್ತಕದಲ್ಲಿ ಓದುವುದು ಬೇರೆ, ಅರಮನೆಗೂ ಗೋಪುರಕ್ಕೂ ಎಷ್ಟು ಅಂತರ ಅಂತ ಸ್ವತಃ ನಡೆದು ನೋಡುವುದು ಬೇರೆ. ಪೂಜೆಯ ಗಂಟೆ ಅರಮನೆಗೆ ದಿನಾ ಕೇಳಿರಲೇಬೇಕು. ಅರಮನೆಯನ್ನು ಆಮೇಲೆ ಕೆಡವಿ ಮರಮುಟ್ಟನ್ನೂ ಸಾಗಿಸಿದರು. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಈ ಊರಿನ ಟಿಪ್ಪು ಅರಮನೆಯಿಂದಲೇ ಹೋದವು ಅನ್ನುತ್ತಾರೆ. ಕೇಳಿ ತುಂಬಾ ಬೇಜಾರಾಯಿತು.

ಕೊನೆಗೆ ರೈಲ್ವೆ ಸ್ಟೇಷನ್ ಹತ್ತಿರದ ಮದ್ದಿನ ಮನೆ, ಅಂದರೆ ಟಿಪ್ಪು ಕಾಲದಲ್ಲಿ ಸಿಡಿಮದ್ದು ಇಡುತ್ತಿದ್ದ ಕಟ್ಟಡ. ಜೋಡಿ ಹಳಿ ಹಾಕುವಾಗ ಇದು ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಅಷ್ಟು ದಪ್ಪ ಗೋಡೆ ಮುಟ್ಟಿ ನೋಡಿದಾಗ ನಿಜಕ್ಕೂ ಖುಷಿಯಾಯಿತು. ಇಂಥ ಮದ್ದಿನ ಮನೆಗಳು ಊರಲ್ಲಿ ಇನ್ನೂ ಕೆಲವಿವೆ, ಒಂದೊಂದು ಒಂದೊಂದು ಕಡೆ. ಸುಮ್ನೆ ಹೋದರೆ ಸಿಗುವುದು ಕಷ್ಟ, ಊರಿನವರನ್ನು ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಬಿಸಿಲೇರುವ ಮುಂಚೆ ಹೊರಡಿ.