ಅರವತ್ತು ಪದಗಳ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ಬ್ಯಾಚಿನವರೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಮಾತು ಬರೆದರು: ಕೆಂಪು ಪೆನ್ಸಿಲ್. ಇಂಗ್ಲೆಂಡಿನ ಆ ವಿಶ್ವವಿದ್ಯಾಲಯದ ಮ್ಯೂಸಿಯಂ ಅಧ್ಯಯನ ವಿಭಾಗದ ಸಿಲಬಸ್ಸಿನಲ್ಲಿ ಏನೇನಿತ್ತು ಎಂದು ಈಗ ಕೇಳಿದರೆ ಯಾರ ಬಾಯಿಂದಲೂ ಉತ್ತರ ಹೊರಡದು. ಫೆಬ್ರವರಿ ಮಾತ್ರ ಚೆನ್ನಾಗಿ ನೆನಪಿದೆ.

ಅಲ್ಲಿ ಫೆಬ್ರವರಿ ಎಂದರೆ ಎಲ್‌ಜಿಬಿಟಿ ಇತಿಹಾಸ ಮಾಸ. ಶುರುವಾದದ್ದು 2005ರಲ್ಲಿ. ಅದಕ್ಕೂ ಮುಂಚೆ 1988ರ ಸ್ಥಳೀಯಾಡಳಿತ ಕಾಯ್ದೆಯ ಸೆಕ್ಷನ್ 28 ಇತ್ತು. ಕೌನ್ಸಿಲ್‌ಗಳು, ಅಂದರೆ ಅಲ್ಲಿನ ಸ್ಥಳೀಯ ಸಂಸ್ಥೆಗಳು, ಸಲಿಂಗಕಾಮವನ್ನು ‘ಪ್ರಚಾರ’ ಮಾಡಕೂಡದು ಎಂಬ ಕಲಂ ಅದು. ಸ್ಕಾಟ್ಲೆಂಡಿನಲ್ಲಿ 2000ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ರದ್ದಾಯಿತು. ಆ ಕಲಂನಡಿ ಯಾರಿಗೂ ಶಿಕ್ಷೆಯಾಗಲಿಲ್ಲ, ಅಂಜಿಕೆಯೇ ಸಾಕಾಯಿತು. ಊರೂರಿನ ಕಲಾ ಗ್ಯಾಲರಿಗಳಲ್ಲಿ ಬಹಳಷ್ಟು ನಡೆಯುವುದು ಕೌನ್ಸಿಲ್ ದುಡ್ಡಿನಲ್ಲಿ. ದುಡ್ಡು ಕೊಡುವವರಿಗೆ ಭಯವಾದರೆ ಗೋಡೆಯೂ ಬಾಯಿ ಮುಚ್ಚುತ್ತದೆ. ವಿಶ್ವವಿದ್ಯಾಲಯಗಳ ಪಾಡು ಅಷ್ಟು ಬಿಗಿಯಾಗಿರಲಿಲ್ಲ. ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ಗೇ ಲಿಬರೇಶನ್ ಫ್ರಂಟ್ 1970ರ ಅಕ್ಟೋಬರಿನಲ್ಲಿ ಮೊದಲು ಸೇರಿದ್ದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ. ಚಳವಳಿಯ ಕಾಗದಗಳನ್ನು ಕೂಡಿಟ್ಟ ಹಾಲ್-ಕಾರ್ಪೆಂಟರ್ ಸಂಗ್ರಹ ಇರುವುದೂ ಅದೇ ಸಂಸ್ಥೆಯ ಗ್ರಂಥಾಲಯದಲ್ಲಿ. ಕಾಗದ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಇವೆರಡನ್ನೂ ಒಂದೇ ಕೋಣೆಗೆ ತರುವುದೇ ಫೆಬ್ರವರಿಯ ಕೆಲಸ ಎಂದು ಮೇಷ್ಟ್ರ ಲೆಕ್ಕ. ಅಕ್ಟೋಬರಿನಲ್ಲಿ ಹುಡುಕಾಟ ಶುರುವಾಗದಿದ್ದರೆ ಫೆಬ್ರವರಿಗೆ ಕಾಮನಬಿಲ್ಲಿನ ಬಲೂನು ಬಿಟ್ಟರೆ ಬೇರೇನೂ ಕೈಗೆ ಸಿಗದು ಎನ್ನುತ್ತಿದ್ದರು.

ಹುಡುಕುವುದನ್ನು ಕಲಿಸಿದ ರೀತಿಯೇ ಬೇರೆ. ಕ್ಯಾಟಲಾಗಿನಲ್ಲಿ ‘ಗೇ’ ಎಂದು ಹೊಡೆದರೆ ಹಳೆಯ ಕಾಲದ ಒಂದು ಚೂರೂ ಸಿಗುವುದಿಲ್ಲ. ಕ್ಯಾಟಲಾಗು ಬರೆದವರು ಆ ಪದ ಬಳಸಿಯೇ ಇಲ್ಲ. ಗಂಡಸರ ವಿಷಯಕ್ಕೆ ‘ಅಸಭ್ಯ ವರ್ತನೆ’ ಎಂದು ಕೋರ್ಟಿನ ದಾಖಲೆ ತೆಗೆಯಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರವರೆಗೂ ಖಾಸಗಿಯಾಗಿ ನಡೆದರೂ ಅದು ಅಪರಾಧವಾಗಿತ್ತಲ್ಲ. ಹೆಂಗಸರ ವಿಷಯದಲ್ಲಿ ಈ ದಾರಿ ಮುಚ್ಚಿದೆ. ಅವರ ಸಂಬಂಧವನ್ನು ಅಪರಾಧ ಮಾಡುವ ಪ್ರಯತ್ನ 1921ರಲ್ಲಿ ಸಂಸತ್ತಿನಲ್ಲಿ ಬಿದ್ದುಹೋಯಿತು. ಹಾಗಾಗಿ ಕೇಸೂ ಇಲ್ಲ, ಕಡತವೂ ಇಲ್ಲ. ಅವರನ್ನು ಉಯಿಲಿನಲ್ಲಿ, ಪತ್ರಗಳಲ್ಲಿ, ಜನಗಣತಿಯ ಹಾಳೆಯಲ್ಲಿ ಹುಡುಕಬೇಕು. ಗಣತಿಯಲ್ಲಿ ‘ಮನೆಯ ಯಜಮಾನರಿಗೆ ಏನಾಗಬೇಕು’ ಎಂಬ ಅಂಕಣದಲ್ಲಿ ‘ಸಂದರ್ಶಕಿ’ ಎಂದು ಬರೆಸಿದವಳು ಹತ್ತು ವರ್ಷದ ನಂತರದ ಹಾಳೆಯಲ್ಲೂ ಅದೇ ಮನೆಯಲ್ಲಿ ‘ಸಂದರ್ಶಕಿ’ಯಾಗಿಯೇ ಇದ್ದರೆ, ಅಲ್ಲಿ ನಿಲ್ಲಿ ಎನ್ನುತ್ತಿದ್ದರು ಮೇಷ್ಟ್ರು.

ಕಿತಾಪತಿಯ ಕಥೆ ಇಲ್ಲಿಂದಲೇ. ಗ್ಯಾಲರಿಯೊಂದರಲ್ಲಿ ಇಬ್ಬರು ಹೆಂಗಸರ ಭಾವಚಿತ್ರವಿತ್ತು, ಕೆಳಗೆ ‘ಕಲಾವಿದೆ ಮತ್ತು ಗೆಳತಿ’ ಎಂಬ ಹಳೆಯ ಲೇಬಲ್. ವೀಕ್ಷಣೆಯ ಹಿಂದಿನ ಸಂಜೆ ಬ್ಯಾಚಿನ ಮೂವರು ‘ಗೆಳತಿ’ಯ ಮೇಲೆ ‘ಪ್ರೇಯಸಿ’ ಎಂಬ ಚೀಟಿ ಮೆತ್ತಿದರು, ಅದೂ ಗೋಡೆಗೆ ಪೋಸ್ಟರ್ ಅಂಟಿಸುವ ಮೇಣದಂಥ ಬ್ಲೂ ಟ್ಯಾಕಿನಲ್ಲಿ. ಬೆಳಿಗ್ಗೆ ಚೀಟಿ ಕಿತ್ತಾಗ ಲೇಬಲ್ಲಿನ ಮೇಲೆ ಎಣ್ಣೆಯ ಕಲೆ ಉಳಿಯಿತು. ಮೇಷ್ಟ್ರು ಬೈಯಲಿಲ್ಲ. ‘ಕಲೆಗೆ ಸಾಕ್ಷಿ ಇದೆ. ಪದಕ್ಕೆ?’ ಎಂದರು. ಮೂವರಿಗೂ ಮೂರು ವಾರ ಉಯಿಲು, ಗಣತಿ, ಸ್ಮಶಾನದ ರಿಜಿಸ್ಟರು. ಕೊನೆಗೆ ಹೊಸ ಲೇಬಲ್ ಬಂತು: ಇಬ್ಬರೂ ಎಷ್ಟು ವರ್ಷ ಒಂದೇ ಮನೆಯಲ್ಲಿದ್ದರು, ಯಾರು ಯಾರಿಗೆ ಆಸ್ತಿ ಬರೆದರು, ಯಾವ ಸಮಾಧಿಯಲ್ಲಿ ಒಟ್ಟಿಗೆ ಮಲಗಿದ್ದಾರೆ. ‘ಗೆಳತಿ’ಯೂ ಇಲ್ಲ, ‘ಪ್ರೇಯಸಿ’ಯೂ ಇಲ್ಲ. ಓದಿದವರು ಒಂದು ಕ್ಷಣ ಸುಮ್ಮನೆ ನಿಂತು ಮತ್ತೆ ಚಿತ್ರದ ಕಡೆ ತಿರುಗುತ್ತಿದ್ದರು. ಆ ಲೇಬಲ್ ಈಗಲೂ ಅಲ್ಲೇ ಇದೆ ಎಂದು ಹೇಳಿಕೊಳ್ಳುವಷ್ಟು ಜಂಬ ನಮ್ಮ ಬ್ಯಾಚಿಗೆ ಇರಲಿ ಬಿಡಿ.

ಲೇಬಲ್ಲಿಗೆ ಅರವತ್ತು ಪದ, ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಾಗಬಾರದು, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿಗೂ ನಿಲುಕುವ ಎತ್ತರ. ಅರವತ್ತೊಂದನೆಯ ಪದದ ಮೇಲೆ ಕೆಂಪು ಪೆನ್ಸಿಲ್ ಬೀಳುತ್ತಿತ್ತು. ಮೊದಲು ಸಾಯುತ್ತಿದ್ದದ್ದು ಗುಣವಾಚಕಗಳು. ಗ್ಲಕ್ ಎಂಬ ಚಿತ್ರಕಾರರ (1895–1978) ಬಗ್ಗೆ ಬರೆಯುವಾಗ ಇಂಗ್ಲಿಷಿನವರು ಪಡುತ್ತಿದ್ದ ಪಾಡು ನೋಡಬೇಕಿತ್ತು. ಗ್ಲಕ್ ತಮ್ಮ ಹೆಸರಿನ ಹಿಂದೆ ಮುಂದೆ ಏನನ್ನೂ ಸೇರಿಸಗೊಡುತ್ತಿರಲಿಲ್ಲ. ಲೆಟರ್‌ಹೆಡ್ಡಿನಲ್ಲಿ ‘ಮಿಸ್’ ಎಂದು ಅಚ್ಚಾದದ್ದಕ್ಕೆ ಕಲಾಸಂಘವೊಂದಕ್ಕೆ ರಾಜೀನಾಮೆ ಕೊಟ್ಟವರು. ತಮ್ಮ ಮತ್ತು ಸಂಗಾತಿಯ ಮುಖಗಳನ್ನು ಒಂದರ ಹಿಂದೊಂದು ನಿಲ್ಲಿಸಿ 1936ರಲ್ಲಿ ಬರೆದ ‘ಮೆಡಾಲಿಯನ್’ಗೆ ‘ಹೀ’ ಹಾಕುವುದೋ ‘ಶೀ’ ಹಾಕುವುದೋ ಎಂದು ಅರ್ಧ ದಿನ ಚರ್ಚೆ. ಕನ್ನಡದಲ್ಲಾದರೆ ‘ಅವರು’ ಎಂದು ಬರೆದು ಊಟಕ್ಕೆ ಹೋಗಬಹುದಿತ್ತು.

ಸತ್ತವರ ಗುಟ್ಟನ್ನು ಹೇಳಬಹುದೇ ಎಂಬುದಕ್ಕೆ ಅವರು ಎತ್ತುತ್ತಿದ್ದ ಉದಾಹರಣೆ ನಾರ್ಫೋಕ್‌ನ ಫೆಲ್‌ಬ್ರಿಗ್ ಹಾಲ್. ಆ ಬಂಗಲೆಯನ್ನು, ಇಂಥ ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದ ಕೆಟನ್-ಕ್ರೀಮರ್ ಸಲಿಂಗಿಯಾಗಿದ್ದರು ಎಂದು 2017ರಲ್ಲಿ ಟ್ರಸ್ಟ್ ಒಂದು ಕಿರುಚಿತ್ರದಲ್ಲಿ ಹೇಳಿತು. ಅವರನ್ನು ಬಲ್ಲವರು ಕೆಲವರು ಮುನಿದರು. ಕಾಮನಬಿಲ್ಲಿನ ಬ್ಯಾಡ್ಜ್ ಹಾಕಲು ಕೆಲವು ಸ್ವಯಂಸೇವಕರು ಒಪ್ಪಲಿಲ್ಲ. ಒಪ್ಪದವರು ಜನರೆದುರಿನ ಕೆಲಸದಿಂದ ಸರಿಯಲಿ ಎಂದ ಟ್ರಸ್ಟ್, ಕೆಲವೇ ದಿನಗಳಲ್ಲಿ ಬ್ಯಾಡ್ಜ್ ಐಚ್ಛಿಕ ಎಂದಿತು. ಮೇಷ್ಟ್ರ ಅಭಿಪ್ರಾಯ ಖಡಾಖಂಡಿತ: ಇತಿಹಾಸ ಹೇಳಿದ್ದು ಸರಿ, ಬ್ಯಾಡ್ಜನ್ನು ಹೇರಿದ್ದು ತಪ್ಪು. ಬದುಕಿರುವವರ ವಿಷಯದಲ್ಲಂತೂ ಅವರು ಕಲ್ಲು. ಮೌಖಿಕ ಇತಿಹಾಸ ರೆಕಾರ್ಡ್ ಮಾಡಿದರೆ ಒಪ್ಪಿಗೆ ಪತ್ರ ಎರಡು ಪ್ರತಿ; ಮಾತಿನ ನಡುವೆ ಬಂದ ಮೂರನೆಯವರ ಹೆಸರು ಕತ್ತರಿಸದೆ ಒಂದು ನಿಮಿಷವನ್ನೂ ಕೇಳಿಸುವಂತಿಲ್ಲ.

ಬ್ಯಾನರುಗಳ ಪಾಠ ಕೈಗೇ ಹತ್ತಿದ್ದು. ಅಟ್ಟದಿಂದ ಇಳಿದ ಮೆರವಣಿಗೆಯ ಬಟ್ಟೆ ನೇರ ಗ್ಯಾಲರಿಗೆ ಬಂದರೆ ಜತೆಗೆ ಹುಳುವೂ ಬರುತ್ತದೆ. ಪಾಲಿಥೀನಿನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ, ಸಾಧಾರಣ ಫ್ರೀಜರಿನ ಮೈನಸ್ 18 ಆದರೆ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಸುತ್ತು ಬಿಚ್ಚಕೂಡದು; ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂತು ಬಣ್ಣ ಹರಿಯುತ್ತದೆ. ತೂಗುಹಾಕಲು ಮೊಳೆ ಹೊಡೆದರೆ ಭಾರವೆಲ್ಲ ನಾಲ್ಕು ತೂತಿನ ಮೇಲೆ ಬಿದ್ದು ಬಟ್ಟೆ ಹರಿಯುತ್ತದೆ. ಮೇಲಂಚಿನುದ್ದಕ್ಕೂ ಹತ್ತಿಯ ಪಟ್ಟಿ ಹೊಲಿದು ಅದಕ್ಕೆ ವೆಲ್ಕ್ರೋ. ಬೆಳಕು 50 ಲಕ್ಸ್. ಕರಪತ್ರಕ್ಕೂ ಅಷ್ಟೇ. ‘ಕತ್ತಲೆ’ ಎಂದು ಗೊಣಗಿದವರಿಗೆ ‘ಎರಡು ನಿಮಿಷ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ’ ಎನ್ನುವರು.

ಈಗಿನ ಮಕ್ಕಳಿಗೆ ಟೆಂಪ್ಲೇಟಿದೆ, ಕ್ಯೂಆರ್ ಕೋಡಿದೆ, ಜನವರಿ ಕೊನೆಯ ವಾರ ಶುರು ಮಾಡಿದರೂ ಪೋಸ್ಟರು ಸಿದ್ಧ. ಮಾರ್ಚ್ ಒಂದಕ್ಕೆ ಎಲ್ಲವೂ ಗೋಡೆಯಿಂದ ಇಳಿಯುತ್ತದೆ, ಕ್ಯಾಟಲಾಗಿನಲ್ಲಿ ಒಂದು ಪದವೂ ಬದಲಾಗಿರುವುದಿಲ್ಲ. ಉರಿಯುವುದು ಅದಕ್ಕೇ. ಮುಂದಿನ ಅಕ್ಟೋಬರಿನಲ್ಲಿ ಹುಡುಕಲು ಕೂತವರಿಗೆ ಮತ್ತೆ ‘ಗೆಳತಿ’ಯೇ ಸಿಗುತ್ತಾಳೆ.

ವಿಭಾಗದ ಹಜಾರದಲ್ಲಿ ಮೇಷ್ಟ್ರ ಫೋಟೊ ಹಾಕಿ ಪಕ್ಕದಲ್ಲಿ ಪರಿಚಯ ಅಂಟಿಸಿದ್ದಾರಂತೆ. ನೋಡಿಬಂದವರು ಎಣಿಸಿದ್ದಾರೆ: ಎಪ್ಪತ್ತೊಂದು ಪದ. ‘ಅಪ್ರತಿಮ’, ‘ಧೀಮಂತ’, ‘ಪ್ರೀತಿಯ’ ಎಂಬ ಮೂರನ್ನು ಹೊಡೆದರೂ ಇನ್ನೂ ಎಂಟು ಹೆಚ್ಚು.